ಸರ್ವಾನುಮತವೂ ಮೌನವೂ: ಕ್ವೇಕರ್ ಸಭೆಯ ಕುರಿತು ಒಂದು ವಿಮರ್ಶೆ

ಮೌನವನ್ನು ಹೊಗಳದ ಧರ್ಮವಿಲ್ಲ. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂಬ ಗಾದೆಯನ್ನು ಕೇಳದ ಕನ್ನಡಿಗನೂ ಇಲ್ಲ. ಆದರೆ ಬಂಗಾರವನ್ನು ಪೆಟ್ಟಿಗೆಯೊಳಗಿಟ್ಟು ಬೆಳ್ಳಿಯಲ್ಲಿಯೇ ನಿತ್ಯದ ವ್ಯವಹಾರ ಸಾಗಿಸುವ ಸಾಹುಕಾರನಂತೆ, ನಾವು ಮೌನವನ್ನು ವ್ರತದ ದಿನಗಳಿಗೆ ಮೀಸಲಿಟ್ಟು ಸಮಾಜದ ಕಾರ್ಯವನ್ನೆಲ್ಲ ಮಾತಿನಿಂದಲೇ ನಡೆಸಿಕೊಂಡು ಬಂದಿದ್ದೇವೆ. ಮೌನವನ್ನೇ ಚಲಾವಣೆಯ ನಾಣ್ಯವನ್ನಾಗಿ ಮಾಡಿಕೊಂಡು, ಅದರಿಂದಲೇ ಉಪಾಸನೆಯನ್ನೂ ಲೆಕ್ಕಪತ್ರವನ್ನೂ ವಿವಾಹವನ್ನೂ ನಡೆಸುವ ಒಂದು ಸಣ್ಣ ಸಮುದಾಯ ಜಗತ್ತಿನಲ್ಲಿದೆ. ಅವರೇ ಕ್ವೇಕರರು. ಅವರ ಆಚಾರವನ್ನು ಪರಿಚಯಿಸಿ, ಅದರ ಗುಣದೋಷಗಳನ್ನು ಶ್ರಾವಕದೃಷ್ಟಿಯಿಂದ ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಪರಮತದ ಸ್ತುತಿಯಾಗಲಿ ನಿಂದೆಯಾಗಲಿ ಇಲ್ಲಿನ ಗುರಿಯಲ್ಲ. ನೆರೆಯವರ ಮನೆಯ ಕನ್ನಡಿಯಲ್ಲಿಯೂ ಕಾಣುವುದು ನಮ್ಮ ಮುಖವೇ ಅಲ್ಲವೇ?

ನಮ್ಮ ಸೀಮೆಗೆ ಕ್ರೈಸ್ತ ಉಪಾಸನೆ ಹೊಸದಲ್ಲ. ಬಾಸೆಲ್ ಮಿಶನ್ನಿನವರು 1841ರಲ್ಲಿಯೇ ಬೆಟಗೇರಿಯಲ್ಲಿ ನೆಲೆಯೂರಿದರು. ಆ ಪರಂಪರೆಯಲ್ಲಿ ವೇದಪಾಠ, ಪಾದ್ರಿಯ ಪ್ರಸಂಗ, ಸಾಮೂಹಿಕ ಗೀತೆಗಳಿಗೆ ಪ್ರಾಧಾನ್ಯ. ಆದುದರಿಂದ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಜನರಿಗೆ ಕ್ರೈಸ್ತರ ಪ್ರಾರ್ಥನೆ ಎಂದೊಡನೆ ನೆನಪಾಗುವುದು ಘಂಟೆ ಮತ್ತು ಹಾಡು. ಕ್ವೇಕರರ ಸಭೆ ಇದಕ್ಕೆ ತೀರ ವ್ಯತಿರಿಕ್ತವಾದುದು.

ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ (1624–1691) ಎಂಬಾತನ ಉಪದೇಶದಿಂದ ಈ ಪಂಥ ರೂಪುಗೊಂಡಿತು. ಅವರು ತಮ್ಮನ್ನು ಕರೆದುಕೊಳ್ಳುವುದು ‘ಮಿತ್ರಸಮಾಜ’ ಎಂದು. ‘ಕ್ವೇಕರ್’, ಎಂದರೆ ‘ನಡುಗುವವರು’, ಎಂಬುದು ವಿರೋಧಿಗಳು ಗೇಲಿಗಾಗಿ ಇಟ್ಟ ಹೆಸರು; ಅವರು ಬೇಸರಿಸದೆ ಅದನ್ನೇ ಉಳಿಸಿಕೊಂಡರು. ಜಗತ್ತಿನಲ್ಲಿ ಅವರ ಒಟ್ಟು ಸಂಖ್ಯೆ ಸುಮಾರು ನಾಲ್ಕು ಲಕ್ಷ. 2011ರ ಜನಗಣತಿಯಂತೆ ಕರ್ನಾಟಕದ ಜೈನರ ಸಂಖ್ಯೆಯೂ ನಾಲ್ಕು ಲಕ್ಷ ನಲವತ್ತು ಸಾವಿರದ ಆಸುಪಾಸು. ಇಷ್ಟು ಸಣ್ಣ ಸಮುದಾಯವೊಂದರ ಎರಡು ಸೇವಾಸಂಸ್ಥೆಗಳಿಗೆ 1947ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತು. ಭಾರತದಲ್ಲಿ ನರ್ಮದಾತೀರದ ಹೋಶಂಗಾಬಾದ್ ಅವರ ಮುಖ್ಯ ಕ್ಷೇತ್ರವಾಗಿತ್ತು. 1928ರಲ್ಲಿ ಅಧ್ಯಾಪಕಿಯಾಗಿ ಮದ್ರಾಸಿಗೆ ಬಂದು ಮುಂದೆ ಕ್ವೇಕರ್ ಸದಸ್ಯೆಯಾದ ಮಾರ್ಜರಿ ಸೈಕ್ಸ್ (1905–1995) ಶಾಂತಿನಿಕೇತನ, ಸೇವಾಗ್ರಾಮಗಳಲ್ಲಿ ದುಡಿದು, ನಮ್ಮ ನೆರೆಯ ನೀಲಗಿರಿಯ ಕೋಟಗಿರಿಯಲ್ಲಿಯೂ ಹಲವು ವರ್ಷ ನೆಲೆಸಿದ್ದರು. ಎಲ್ಲ ಕ್ವೇಕರರೂ ಮೌನೋಪಾಸಕರಲ್ಲ ಎಂಬುದನ್ನೂ ಹೇಳಬೇಕು. ಅವರು ಅತ್ಯಧಿಕವಾಗಿರುವ ಕೀನ್ಯಾ ದೇಶದಲ್ಲಿ ಪಾದ್ರಿಗಳೂ ಹಾಡುಗಳೂ ಉಂಟು. ಇಲ್ಲಿ ವಿಚಾರಿಸುವುದು ಹಳೆಯ ಮೌನಸಂಪ್ರದಾಯವನ್ನು ಮಾತ್ರ.

ಮೌನದ ಸ್ವರೂಪ

ಆ ಸಭಾಗೃಹದಲ್ಲಿ ವೇದಿಕೆಯಿಲ್ಲ, ಶಿಲುಬೆಯಿಲ್ಲ, ಬಿಂಬವಿಲ್ಲ, ಪುರೋಹಿತನಿಲ್ಲ, ವಾದ್ಯವಿಲ್ಲ. ಆಸನಗಳನ್ನು ಒಬ್ಬರಿಗೊಬ್ಬರು ಅಭಿಮುಖವಾಗಿ ಇರಿಸಿರುತ್ತಾರೆ. ಬಂದವರು ಬಂದಂತೆ ಕುಳಿತು ಸುಮ್ಮನಾಗುತ್ತಾರೆ. ಸುಮಾರು ಒಂದು ತಾಸಿನ ಅವಧಿ. ನಡುವೆ ಯಾರಿಗಾದರೂ, ಹೆಂಗಸಾಗಲಿ ಗಂಡಸಾಗಲಿ, ಅಂತರಂಗದ ಪ್ರೇರಣೆಯುಂಟಾದರೆ ಎದ್ದುನಿಂತು ನಾಲ್ಕು ಮಾತು ಹೇಳಿ ಕುಳಿತುಕೊಳ್ಳಬಹುದು. ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ, ಮೆಚ್ಚುವುದಿಲ್ಲ, ಖಂಡಿಸುವುದಿಲ್ಲ. ಆ ಮಾತು ಇಳಿಯುವುದಕ್ಕೆ ಮತ್ತೆ ಮೌನ. ಕೆಲವು ದಿನ ಒಬ್ಬರೂ ಏಳದೆ ಸಭೆ ಮುಗಿಯುವುದುಂಟು. ಕೊನೆಗೆ ಇಬ್ಬರು ಹಿರಿಯರು ಕೈಕುಲುಕಿದರೆ ಉಪಾಸನೆ ಸಮಾಪ್ತವಾಯಿತೆಂದು ಅರ್ಥ. ಏಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಅಲ್ಲಿನ ರೂಢಿ: ಈ ಮಾತು ನನ್ನ ಅಹಂಕಾರದಿಂದ ಹುಟ್ಟಿದುದೇ? ಇದು ನನಗೆ ಮಾತ್ರವೇ, ಸಭೆಗೂ ಬೇಕಾದುದೇ? ಇಂದೇ ಹೇಳಬೇಕೇ?

ಶ್ರಾವಕನಿಗೆ ಇಲ್ಲಿ ಭಾಷಾಸಮಿತಿಯ ನೆನಪಾಗದಿರದು. ಹಿತವಾಗಿ, ಮಿತವಾಗಿ, ಸಂದೇಹಕ್ಕೆಡೆಯಿಲ್ಲದಂತೆ ನುಡಿಯಬೇಕೆಂಬುದು ನಮ್ಮ ಆಚಾರ್ಯರ ಆದೇಶ. ಸಾಮಾಯಿಕವಂತೂ ನಾಲ್ಕು ಶಿಕ್ಷಾವ್ರತಗಳಲ್ಲಿ ಮೊದಲನೆಯದು. ಒಂದು ಮುಹೂರ್ತ, ಎಂದರೆ 48 ನಿಮಿಷ, ಸಮಭಾವದಲ್ಲಿ ನಿಲ್ಲುವ ಅಭ್ಯಾಸ. ಮನಸ್ಸು, ಮಾತು, ಕಾಯಗಳ ದುಷ್ಪ್ರಣಿಧಾನ, ಅನಾದರ, ಸ್ಮೃತ್ಯನುಪಸ್ಥಾನ ಎಂದು ಅದಕ್ಕೆ ಐದು ಅತಿಚಾರಗಳನ್ನು ಗುರುತಿಸಿರುವ ಸೂಕ್ಷ್ಮತೆ ಕ್ವೇಕರ್ ಸಂಪ್ರದಾಯದಲ್ಲಿ ಇಲ್ಲ. ಬಾಯಿ ಮುಚ್ಚಿದ ಮಾತ್ರಕ್ಕೆ ಮೌನವಾಗದು, ಮನಸ್ಸು ಅಂಗಡಿಯ ಉದ್ರಿ ಲೆಕ್ಕದಲ್ಲಿದ್ದರೆ ಅದೂ ದೋಷವೇ ಎಂಬುದನ್ನು ನಮ್ಮವರು ಸೂತ್ರರೂಪದಲ್ಲಿ ವರ್ಗೀಕರಿಸಿದರು.

ಆದರೂ ಎರಡು ಭೇದಗಳನ್ನು ಸ್ಪಷ್ಟವಾಗಿ ಹೇಳಲೇಬೇಕು. ಸಮನ್ವಯದ ಉತ್ಸಾಹದಲ್ಲಿ ಭೇದವನ್ನು ಮರೆಮಾಚುವುದು ಅನೇಕಾಂತವಲ್ಲ. ಮೊದಲನೆಯದಾಗಿ, ಕ್ವೇಕರನು ಪ್ರತಿಯೊಬ್ಬನೊಳಗೂ ದೈವದ ಬೆಳಕೊಂದಿದೆಯೆಂದು ನಂಬಿ ಅದರ ಪ್ರೇರಣೆಗಾಗಿ ಕಾಯುತ್ತಾನೆ. ಸಾಮಾಯಿಕದಲ್ಲಿ ಕುಳಿತವನು ಯಾರ ಸಂದೇಶವನ್ನೂ ಕಾಯುವುದಿಲ್ಲ. ಕರ್ತೃವಾದ ಈಶ್ವರನಿಲ್ಲದ ದರ್ಶನದಲ್ಲಿ ಮೌನವು ಸಂವರಕ್ಕೆ, ನಿರ್ಜರೆಗೆ, ಆತ್ಮನ ಸ್ವಸ್ವಭಾವದ ಅನುಭವಕ್ಕೆ ಸಾಧನ. ಎರಡನೆಯದಾಗಿ, ನಮ್ಮ ಸಾಮಾಯಿಕ ಮೂಲತಃ ಏಕಾಂತದ ವ್ರತ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅದಕ್ಕೆ ವಿಕ್ಷೇಪವಿಲ್ಲದ ಏಕಾಂತವನ್ನು, ಅದು ವನವಾಗಲಿ ಮನೆಯಾಗಲಿ ಚೈತ್ಯಾಲಯವಾಗಲಿ, ವಿಧಿಸುತ್ತಾರೆ. ಕ್ವೇಕರರದು ಕೂಟದ ಮೌನ. ಹತ್ತು ಜನ ಕೂಡಿ ಸುಮ್ಮನಿರುವುದಕ್ಕೂ ಹತ್ತು ಜನ ಬೇರೆ ಬೇರೆಯಾಗಿ ಸುಮ್ಮನಿರುವುದಕ್ಕೂ ವ್ಯತ್ಯಾಸವುಂಟೆಂದು ಅವರ ನಂಬಿಕೆ. ಇದರ ಫಲ ಕಾಣುವುದು ಉಪಾಸನೆಯಲ್ಲಿ ಅಲ್ಲ, ಅವರ ಕಾರ್ಯಸಭೆಯಲ್ಲಿ.

ಮತದಾನವಿಲ್ಲದ ಸಭೆ

ಕ್ವೇಕರರ ಸ್ಥಳೀಯ ಸಂಘವು ಸಾಂಪ್ರದಾಯಿಕವಾಗಿ ತಿಂಗಳಿಗೊಮ್ಮೆ ಸಂಘದ ವ್ಯವಹಾರಕ್ಕಾಗಿ ಸೇರುತ್ತದೆ. ಕಟ್ಟಡದ ದುರಸ್ತಿ, ಹಣದ ಲೆಕ್ಕ, ಹೊಸ ಸದಸ್ಯರ ಪ್ರವೇಶ, ಕಷ್ಟದಲ್ಲಿರುವ ಕುಟುಂಬಕ್ಕೆ ನೆರವು ಎಲ್ಲವೂ ಅಲ್ಲಿಗೆ ಬರುತ್ತವೆ. ಆ ಸಭೆಯೂ ಮೌನದಿಂದಲೇ ಆರಂಭವಾಗುತ್ತದೆ. ಅಧ್ಯಕ್ಷನ ಸ್ಥಾನದಲ್ಲಿ ಒಬ್ಬ ಲಿಪಿಕಾರನಿರುತ್ತಾನೆ. ಅವನಿಗೆ ತನ್ನ ಅಭಿಪ್ರಾಯವನ್ನು ಸಾಧಿಸುವ ಹಕ್ಕಿಲ್ಲ; ಸಭೆಯ ಒಟ್ಟು ಮನೋಭಾವವನ್ನು ಗ್ರಹಿಸಿ, ಅಲ್ಲಿಯೇ ನಡಾವಳಿಯನ್ನು ಬರೆದು, ಅಲ್ಲಿಯೇ ಓದಿ ಹೇಳುವುದು ಅವನ ಕರ್ತವ್ಯ. ಓದಿದುದು ಸರಿಯಿಲ್ಲವೆಂದು ಯಾರಾದರೂ ಹೇಳಿದರೆ ತಿದ್ದಬೇಕು. ಕೈ ಎತ್ತಿಸುವುದಿಲ್ಲ, ಮತಪತ್ರವಿಲ್ಲ, ಬಹುಮತವೆಂಬ ಮಾತೇ ಇಲ್ಲ. ಒಮ್ಮತ ಕೂಡದಿದ್ದರೆ ವಿಷಯವನ್ನು ಮುಂದಿನ ಸಭೆಗೆ ಬಿಡುತ್ತಾರೆ. ಮಾತು ಬಿಸಿಯಾದಾಗ ಲಿಪಿಕಾರನು ಮಾಡಬಹುದಾದುದು ಒಂದೇ: ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಿರೋಣವೆಂದು ಕೇಳಿಕೊಳ್ಳುವುದು.

ವಿವಾಹವೂ ಇದೇ ಮೌನದಲ್ಲಿ ನಡೆಯುತ್ತದೆ. ವಧೂವರರು ತಾವಾಗಿಯೇ ಎದ್ದು ಪರಸ್ಪರ ವಚನ ಕೊಡುತ್ತಾರೆ. ಅಲ್ಲಿ ನೆರೆದವರೆಲ್ಲರೂ ವಿವಾಹಪತ್ರಕ್ಕೆ ಸಾಕ್ಷಿಯಾಗಿ ಸಹಿ ಹಾಕುತ್ತಾರೆ. ನಡತೆಯ ಕುರಿತಾದ ಪ್ರಶ್ನಾವಳಿಯೊಂದನ್ನು ಆಗಾಗ ಸಭೆಯಲ್ಲಿ ಓದುವ ಕ್ರಮವಿದೆ. ಪ್ರತಿಯೊಬ್ಬನೂ ತನ್ನೊಳಗೇ ಉತ್ತರಿಸಿಕೊಳ್ಳಬೇಕು. ಇದು ನಮ್ಮ ಆಲೋಚನಾ-ಪ್ರತಿಕ್ರಮಣಗಳಿಗೆ ಬಹಳ ಸಮೀಪದ್ದು. ವ್ಯಾಪಾರದಲ್ಲಿ ಚೌಕಾಶಿ ಸುಳ್ಳಿಗೆ ದಾರಿಯೆಂದು ಬಗೆದು, ಹಿಂದಿನ ಕ್ವೇಕರ್ ಅಂಗಡಿಕಾರರು ಎಲ್ಲರಿಗೂ ಒಂದೇ ಬೆಲೆಯನ್ನು ಹೇಳುತ್ತಿದ್ದರು. ಸತ್ಯಕ್ಕೆ ಎರಡು ಅಳತೆ ಇರಬಾರದೆಂದು ನ್ಯಾಯಾಲಯದಲ್ಲಿ ಪ್ರಮಾಣ ಮಾಡಲು ನಿರಾಕರಿಸಿ ಸೆರೆಮನೆಗೂ ಹೋದರು. ಹೀನಾಧಿಕ ಮಾನೋನ್ಮಾನವನ್ನು, ಎಂದರೆ ಕೊಡುವಾಗ ಒಂದು ತಕ್ಕಡಿ, ಕೊಳ್ಳುವಾಗ ಇನ್ನೊಂದು ತಕ್ಕಡಿ ಇಡುವುದನ್ನು, ಅಚೌರ್ಯಾಣುವ್ರತದ ಅತಿಚಾರವೆಂದು ಓದಿ ಬೆಳೆದ ನಮಗೆ ಇದು ಪರಕೀಯವೆನಿಸದು.

ಒಬ್ಬ ದರ್ಜಿಯ ದಿನಚರಿ

ಈ ಸಂಪ್ರದಾಯದ ಶ್ರೇಷ್ಠ ಫಲವನ್ನು ನೋಡಬೇಕಾದರೆ ಅಮೆರಿಕದ ನ್ಯೂಜರ್ಸಿ ಪ್ರಾಂತದ ಜಾನ್ ವುಲ್ಮನ್ (1720–1772) ಬರೆದ ಆತ್ಮವೃತ್ತಾಂತವನ್ನು ಓದಬೇಕು. ಅದು ಅವನ ಮರಣಾನಂತರ, 1774ರಲ್ಲಿ ಪ್ರಕಟವಾಯಿತು. ಅದರ ಆರಂಭದ ಘಟನೆಯೊಂದು ಜೈನ ಓದುಗನ ಎದೆಗೆ ನೇರವಾಗಿ ತಾಕುತ್ತದೆ. ಬಾಲಕನಾಗಿದ್ದಾಗ ಅವನು ಆಟಕ್ಕೆಂದು ಕಲ್ಲೆಸೆದು ಒಂದು ತಾಯಿಹಕ್ಕಿಯನ್ನು ಕೊಂದನು. ಗೂಡಿನ ಮರಿಗಳು ಹಸಿವಿನಿಂದ ನರಳಿ ಸಾಯುವವೆಂದು ತಿಳಿದಾಗ ಅವುಗಳನ್ನೂ ಕೊಲ್ಲಬೇಕಾಯಿತು. ಆ ಪಶ್ಚಾತ್ತಾಪ ಅವನನ್ನು ಜೀವನಪರ್ಯಂತ ಬಿಡಲಿಲ್ಲ. ತಾರುಣ್ಯದಲ್ಲಿ ಒಮ್ಮೆ ಮೌನಸಭೆಯಲ್ಲಿ ಎದ್ದುನಿಂತು, ತನಗೆ ಪ್ರೇರಣೆಯಾದುದಕ್ಕಿಂತ ಹೆಚ್ಚು ಮಾತನಾಡಿಬಿಟ್ಟೆನೆಂದು ಹಲವು ವಾರಗಳ ಕಾಲ ಕೊರಗಿದನು. ಪರಿಗ್ರಹಪರಿಮಾಣದ ಹೆಸರನ್ನೂ ಕೇಳದಿದ್ದ ಆ ಮನುಷ್ಯ, ತನ್ನ ಅಂಗಡಿಯ ವ್ಯಾಪಾರ ವರ್ಷವರ್ಷಕ್ಕೆ ಬೆಳೆಯುತ್ತಿರುವುದನ್ನು ಕಂಡು, ಅದು ಮನಸ್ಸಿಗೆ ಭಾರವೆಂದು ಬಿಟ್ಟುಕೊಟ್ಟು, ಬಟ್ಟೆ ಹೊಲಿಯುತ್ತ ಹಣ್ಣಿನ ತೋಟ ನೋಡಿಕೊಂಡು ಬದುಕಿದನು. ಬಣ್ಣ ಹಾಕಿದ ಬಟ್ಟೆ ಕೊಳೆಯನ್ನು ಮರೆಮಾಚುತ್ತದೆಯೆಂದು ಬಣ್ಣವಿಲ್ಲದ ಬಟ್ಟೆಯನ್ನೇ ಉಟ್ಟನು. ಇಂಗ್ಲೆಂಡಿಗೆ ಹೋದಾಗ, ಟಪಾಲುಬಂಡಿಯ ಕುದುರೆಗಳನ್ನೂ ಹುಡುಗರನ್ನೂ ಕ್ರೂರವಾಗಿ ಓಡಿಸುತ್ತಾರೆಂದು ಆ ಬಂಡಿಯಲ್ಲಿ ತನಗೆ ಪತ್ರ ಕಳುಹಿಸಬೇಡಿರೆಂದು ಮಿತ್ರರನ್ನು ಬೇಡಿಕೊಂಡು, ತಾನು ಕಾಲ್ನಡಿಗೆಯಲ್ಲಿಯೇ ಸಂಚರಿಸಿದನು. ಯಾರ್ಕ್ ನಗರದಲ್ಲಿ ಸಿಡುಬಿನಿಂದ ತೀರಿಕೊಂಡನು.

ಅವನ ಜೀವನದ ಮುಖ್ಯ ಕಾರ್ಯ ಗುಲಾಮಗಿರಿಯ ವಿರೋಧ. ಅಂಗಡಿಯಲ್ಲಿ ಗುಮಾಸ್ತನಾಗಿದ್ದಾಗ ಧಣಿಯು ತನ್ನ ಗುಲಾಮ ಹೆಂಗಸೊಬ್ಬಳ ಮಾರಾಟಪತ್ರವನ್ನು ಬರೆಯಲು ಹೇಳಿದನು, ವುಲ್ಮನ್ ಬರೆದುಕೊಟ್ಟನು. ಆದರೆ ಕೊಂಡವನೂ ಕ್ವೇಕರ್ ಹಿರಿಯನೇ ಎಂಬ ಸಮಾಧಾನ ಅವನ ಅಂತಃಕರಣಕ್ಕೆ ಸಾಲಲಿಲ್ಲ. ಮುಂದೆ ಅವನು ಊರೂರು ತಿರುಗಿ, ಗುಲಾಮರನ್ನಿಟ್ಟುಕೊಂಡ ಸ್ವಮತೀಯರ ಮನೆಗಳಲ್ಲಿಯೇ ಇಳಿದು, ಜಗಳವಾಡದೆ, ಅವಮಾನಿಸದೆ ಒಬ್ಬೊಬ್ಬರೊಡನೆ ಮಾತನಾಡಿದನು. ತಾನು ಪಡೆದ ಆತಿಥ್ಯ ಗುಲಾಮರ ಬೆವರಿನದೆಂದು ಅವರಿಗಾಗಿ ಹಣವನ್ನು ಕೊಟ್ಟು ಹೊರಡುತ್ತಿದ್ದನು. 1758ರಲ್ಲಿ ಫಿಲಡೆಲ್ಫಿಯಾದ ವಾರ್ಷಿಕ ಮಹಾಸಭೆ ಅವನ ಮಾತಿಗೆ ಕಿವಿಗೊಟ್ಟಿತು; 1776ರಲ್ಲಿ ಗುಲಾಮರನ್ನು ಇಟ್ಟುಕೊಂಡವರು ಸಂಘದ ಸದಸ್ಯರಾಗಿರಲಾಗದೆಂದು ನಿರ್ಣಯಿಸಿತು. ಬಹುಮತದಿಂದ ಗೆದ್ದ ನಿರ್ಣಯವಾಗಿದ್ದರೆ ಸೋತ ಅರ್ಧ ಸಂಘ ಬೇರೆಯಾಗುತ್ತಿತ್ತೇನೋ.

ದೋಷವಿಚಾರ

ಇಷ್ಟಕ್ಕೇ ನಿಲ್ಲಿಸಿದರೆ ಇದು ಸ್ತೋತ್ರವಾದೀತು. ಇದೇ ಇತಿಹಾಸವನ್ನು ಇನ್ನೊಂದು ನಯದಿಂದ ನೋಡೋಣ. 1688ರಲ್ಲಿಯೇ ಜರ್ಮನ್‌ಟೌನ್ ಎಂಬಲ್ಲಿನ ನಾಲ್ವರು ಗುಲಾಮಗಿರಿಯನ್ನು ಖಂಡಿಸಿ ತಮ್ಮ ಸಂಘಕ್ಕೆ ಲಿಖಿತ ಮನವಿ ಸಲ್ಲಿಸಿದ್ದರು. ಸ್ಥಳೀಯ ಸಭೆ ವಿಷಯ ತನ್ನ ಶಕ್ತಿಗೆ ಮೀರಿದುದೆಂದು ಮೇಲಿನ ಸಭೆಗೆ ಕಳುಹಿಸಿತು. ಆ ಸಭೆ ಇನ್ನೂ ಮೇಲಿನದಕ್ಕೆ ಕಳುಹಿಸಿತು. ಅಲ್ಲಿ ಅದನ್ನು ಬದಿಗಿಟ್ಟರು. ಆ ಮನವಿಯಿಂದ 1776ರ ನಿರ್ಣಯದವರೆಗೆ 88 ವರ್ಷ! ಒಮ್ಮತಕ್ಕಾಗಿ ಕಾಯುವವರ ತಾಳ್ಮೆಯ ಬೆಲೆಯನ್ನು ತೆತ್ತವರು ಆ ಸಭೆಯೊಳಗಿದ್ದವರಲ್ಲ, ಹೊರಗೆ ಹೊಲದಲ್ಲಿದ್ದ ಗುಲಾಮರು. ಕಾಯುವುದಕ್ಕೆ ಅವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ನಡುವೆ ಬೆಂಜಮಿನ್ ಲೇ ಎಂಬ ಕುಳ್ಳದೇಹದ ಕ್ವೇಕರನೊಬ್ಬನಿದ್ದನು. ಗುಹೆಯಲ್ಲಿ ವಾಸ, ಮಾಂಸತ್ಯಾಗ, ಸ್ವಂತ ನೂತ ಬಟ್ಟೆ. ಅವನಿಗೆ ವುಲ್ಮನ್ನನ ಮೃದುತ್ವವಿರಲಿಲ್ಲ. 1738ರಲ್ಲಿ ಮಹಾಸಭೆಯ ಮೌನದ ನಡುವೆ ಎದ್ದು, ಪುಸ್ತಕವೊಂದರೊಳಗೆ ಅಡಗಿಸಿದ್ದ ಕೆಂಪು ಹಣ್ಣಿನ ರಸದ ಚೀಲವನ್ನು ಕತ್ತಿಯಿಂದ ಇರಿದು, ಗುಲಾಮರ ಒಡೆಯರ ಮೇಲೆ ರಕ್ತದಂತೆ ಚಿಮುಕಿಸಿದನು. ಸಂಘ ಅವನನ್ನು ಹೊರಹಾಕಿತು. ಅವನು 1759ರಲ್ಲಿ ತೀರಿಕೊಂಡನು. ಇಪ್ಪತ್ತೊಂದನೆಯ ಶತಮಾನದಲ್ಲಿ ಅಬಿಂಗ್ಟನ್ ಸಭೆ ಅವನನ್ನು ತಮ್ಮ ಸತ್ಯಮಾರ್ಗದವನೆಂದು ಒಪ್ಪಿಕೊಂಡಿತು. ಆದುದರಿಂದ ಮೌನವು ಸ್ವತಃ ಧರ್ಮವಲ್ಲ. ಅನ್ಯಾಯದಿಂದ ಲಾಭ ಪಡೆಯುವವರಿಗೆ ಅದು ಸುಖಾಸನವೂ ಆಗಬಲ್ಲದು. ಮೌನವನ್ನು ಕದಡುವವನನ್ನು ಹೊರದೂಡುವ ಮೊದಲು ಅವನೇಕೆ ಕದಡಿದನೆಂದು ಕೇಳುವ ಧೈರ್ಯವಿಲ್ಲದ ಸಭೆಗೆ ಮೌನದ ಅಧಿಕಾರವಿಲ್ಲ.

ಇನ್ನೊಂದು ಚಿಕ್ಕ ದೃಷ್ಟಾಂತ. 1893ರಲ್ಲಿ ಪ್ರಿಟೋರಿಯಾದಲ್ಲಿ ಯುವಕ ಗಾಂಧಿಯವರಿಗೆ ಕೋಟ್ಸ್ ಎಂಬ ಸ್ನೇಹಶೀಲ ಕ್ವೇಕರ್ ಪರಿಚಯವಾಯಿತು. ಗಾಂಧಿಯವರ ಕೊರಳಿನ ತುಳಸಿಮಾಲೆಯನ್ನು ಮೂಢನಂಬಿಕೆಯೆಂದು ಬಗೆದು ಅದನ್ನು ಹರಿದುಹಾಕಲು ಆತ ಮುಂದಾದನು. ಅದು ತಾಯಿ ಪ್ರೀತಿಯಿಂದ ಹಾಕಿದುದೆಂದು ಗಾಂಧಿಯವರು ಬಿಡಲಿಲ್ಲ. ಅದೇ ಕಾಲದಲ್ಲಿ ಅವರು ತಮ್ಮ ಧರ್ಮಸಂದೇಹಗಳನ್ನು ಪತ್ರಮುಖೇನ ಕೇಳಿದ್ದು ಜೈನ ಸಾಧಕರಾದ ಶ್ರೀಮದ್ ರಾಜಚಂದ್ರರನ್ನು (1867–1901). ಅವರು ಪ್ರಶ್ನೆಗೆ ಪ್ರಶ್ನೆಯಂತೆ ಶಾಂತವಾಗಿ ಉತ್ತರಿಸಿದರು. ಸಭೆಯಲ್ಲಿ ಒಂದು ತಾಸು ಸುಮ್ಮನಿರಲು ಕಲಿತವನಿಗೂ ಎದುರಿನವನನ್ನು ಕೇಳಿಸಿಕೊಳ್ಳುವುದು ಕಷ್ಟವೇ ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ಸಭೆಗಳು

ಈಗ ಕನ್ನಡಿಯನ್ನು ನಮ್ಮ ಕಡೆಗೆ ತಿರುಗಿಸಬೇಕು. ಹಲವು ವರ್ಷಗಳ ಹಿಂದೆ ಈ ಸೀಮೆಯ ಒಂದು ಬಸದಿಯ ಸಮಿತಿಯಲ್ಲಿ ನಾನು ಕಾರ್ಯದರ್ಶಿಯಾಗಿದ್ದೆ. ಊರಿನ ಹೆಸರು ಇಲ್ಲಿ ಬೇಡ. ಹಳೆಯ ಕಲ್ಲಿನ ಮುಖಮಂಟಪವನ್ನು ಕೆಡವಿ ವಿಶಾಲವಾದ ಸಿಮೆಂಟಿನ ಸಭಾಭವನ ಕಟ್ಟಬೇಕೆಂಬ ಪ್ರಸ್ತಾವ ಬಂದಿತ್ತು. ಅದರ ಪರವಾಗಿ ಅತ್ಯಂತ ದೀರ್ಘವಾಗಿ ಮಾತನಾಡಿದವನು ನಾನೇ. ಮಳೆಗಾಲದ ಅನಾನುಕೂಲ, ಮದುವೆಗಳ ಬಾಡಿಗೆ, ದಾನಿಗಳ ಉತ್ಸಾಹ ಎಲ್ಲವನ್ನೂ ವಿವರಿಸಿದೆ. ಇಬ್ಬರು ಆಕ್ಷೇಪಿಸಿ ಸುಮ್ಮನಾದರು. ದಿನವೂ ಬಸದಿಗೆ ಬಂದು ದೀಪ ಹಚ್ಚುತ್ತಿದ್ದ ಹಿರಿಯರೊಬ್ಬರು ಕಂಬಕ್ಕೊರಗಿ ಕುಳಿತಿದ್ದರು. ಕೊನೆಯವರೆಗೂ ಒಂದು ಮಾತಾಡಲಿಲ್ಲ. ಅಧ್ಯಕ್ಷರು “ಯಾರದೂ ತಕರಾರಿಲ್ಲವಷ್ಟೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ನನ್ನತ್ತ ನೋಡಿದರು. ನಾನು ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ಬರೆದೆ. ಮೌನವೇ ಸಮ್ಮತಿ ಎಂಬ ಗಾದೆ ಇದೆಯಲ್ಲ!

ಮಂಟಪ ಕೆಡವಿದ ಮೇಲೆ ಕಲ್ಲುಗಳನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿ ಹಳ್ಳದ ದಂಡೆಗೆ ಹಾಕಿದರು. ಒಂದು ವಾರದ ನಂತರ ಆ ಹಿರಿಯರು ದಾರಿಯಲ್ಲಿ ಸಿಕ್ಕರು. ಒಳಗೋಡೆಯಲ್ಲಿ ಸುಣ್ಣದ ಪದರದ ಕೆಳಗೆ ಒಂದು ನಿಷಿಧಿಗಲ್ಲು ಇತ್ತೆಂದೂ, ಸಲ್ಲೇಖನದಿಂದ ದೇಹ ಬಿಟ್ಟವರೊಬ್ಬರ ಸ್ಮಾರಕವದೆಂದೂ, ತಮ್ಮ ಅಜ್ಜ ಅದನ್ನು ತೋರಿಸಿದ್ದರೆಂದೂ ಹೇಳಿದರು. “ಅಜ್ಜಾರ, ಸಭಾದಾಗ ಯಾಕ ಹೇಳಲಿಲ್ಲರಿ?” ಎಂದೆ. “ಕೇಳಿದ್ರ ಹೇಳತಿದ್ದೆ, ತಮ್ಮಾ. ಯಾರೂ ಕೇಳಲಿಲ್ಲ” ಎಂದರು. ಹಳ್ಳದ ದಂಡೆಯಲ್ಲಿ ಎರಡು ದಿನ ಹುಡುಕಿಸಿದೆವು. ಒಡೆದ ಕಲ್ಲುಗಳಲ್ಲಿ ಯಾವುದು ಅದೆಂದು ತಿಳಿಯಲಿಲ್ಲ.

ಆ ದಿನದ ಸಭೆಯಲ್ಲಿ ಮೌನವಿರಲಿಲ್ಲವೆಂದಲ್ಲ. ಮೌನವಿತ್ತು, ಅದನ್ನು ಕೇಳಿಸಿಕೊಳ್ಳುವವರಿರಲಿಲ್ಲ. ಕ್ವೇಕರ್ ಸಭೆಗೂ ನಮ್ಮದಕ್ಕೂ ಇರುವ ನಿಜವಾದ ಅಂತರ ಇಲ್ಲಿದೆ. ಅವರ ಲಿಪಿಕಾರನು ಸುಮ್ಮನೆ ಕುಳಿತವನ ಮನಸ್ಸನ್ನೂ ತೂಗಿ ನೋಡಬೇಕು. ನಾನು ಅದನ್ನು ಕೈ ಎತ್ತಿದವರ ಲೆಕ್ಕಕ್ಕೆ ಸೇರಿಸಿಕೊಂಡೆ. ವಸ್ತುವಿಗೆ ಅನಂತಧರ್ಮಗಳಿವೆ, ನನ್ನ ನೋಟ ಅದರ ಒಂದು ನಯ ಮಾತ್ರ ಎಂದು ಪ್ರವಚನದಲ್ಲಿ ತಲೆದೂಗುವ ನಾವು, ಪಂಚರ ಸಭೆಯಲ್ಲಿ ಮಾತ್ರ ಏಕಾಂತವಾದಿಗಳಾಗುತ್ತೇವೆ. ಅನೇಕಾಂತವು ಪಂಡಿತರ ವಾದಕ್ಕೆ ಮಾತ್ರ ಮೀಸಲಾದ ಶಾಸ್ತ್ರವಲ್ಲ; ಇಬ್ಬರು ಕೂಡಿ ಒಂದು ಗೋಡೆಯ ವಿಷಯವನ್ನು ನಿರ್ಣಯಿಸುವಾಗಲೂ ಅದು ಅನ್ವಯಿಸಬೇಕು.

ಕೂಟದ ಮೌನಕ್ಕೆ ನಮ್ಮಲ್ಲಿ ಪ್ರತೀಕವಿಲ್ಲವೆಂದು ಭಾವಿಸಬೇಕಾಗಿಲ್ಲ. ಲಕ್ಷ್ಮೇಶ್ವರದ ಶಂಖಬಸದಿಯ ಸಹಸ್ರಕೂಟವನ್ನು ನೋಡಿದವರು ನೆನೆಯಲಿ. ಒಂದೇ ಶಿಲೆಯಲ್ಲಿ ಸಾಲುಸಾಲಾಗಿ ನೆರೆದ ಆ ಜಿನಬಿಂಬಗಳಲ್ಲಿ ಒಂದು ಇನ್ನೊಂದನ್ನು ಮರೆಮಾಡುವುದಿಲ್ಲ, ಒಂದರ ಪೀಠ ಇನ್ನೊಂದಕ್ಕಿಂತ ದೊಡ್ಡದೆನಿಸುವುದಿಲ್ಲ. ಅದೂ ಒಂದು ಸಭೆಯೇ. ಅದೇ ಊರಿನಲ್ಲಿ ಯುವರಾಜ ವಿಕ್ರಮಾದಿತ್ಯನು ಕ್ರಿ.ಶ. 725ರ ಸುಮಾರಿಗೆ ಪುರಿಗೆರೆಯ ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ ಹಾಕಿಕೊಟ್ಟ ಆಚಾರವ್ಯವಸ್ಥೆಯ ಶಾಸನವಿದೆ. ಕೂಡಿ ಬಾಳುವುದಕ್ಕೆ ಕಟ್ಟಳೆ ಬೇಕೆಂಬ ಅರಿವು ಈ ನೆಲಕ್ಕೆ ಹೊಸದಲ್ಲ.

ಆದಕಾರಣ ಬಸದಿಗಳ ಟ್ರಸ್ಟಿನ ಬಂಧುಗಳಲ್ಲಿ ನಾಲ್ಕು ವಿನಂತಿಗಳು. ಪರರ ಪದ್ಧತಿಯನ್ನು ಎರವಲು ತರಬೇಕಾಗಿಲ್ಲ. ಸಭೆಯನ್ನು 27 ಉಚ್ಛ್ವಾಸಗಳ ಒಂದು ಕಾಯೋತ್ಸರ್ಗದಿಂದ, ಒಂಬತ್ತು ಣಮೋಕಾರಗಳ ಮೌನಜಪದಿಂದ ಆರಂಭಿಸೋಣ. ಮಾತು ಬಿಸಿಯಾದಾಗ ಮತ್ತೊಮ್ಮೆ ಅದನ್ನೇ ಮಾಡೋಣ. ಸುಮ್ಮನೆ ಕುಳಿತವರನ್ನು, ವಿಶೇಷವಾಗಿ ವೃದ್ಧರನ್ನೂ ತಾಯಂದಿರನ್ನೂ, ಹೆಸರು ಹಿಡಿದು ಕೇಳೋಣ. ನಡಾವಳಿಯನ್ನು ಎಲ್ಲರೂ ಏಳುವ ಮೊದಲೇ ಓದಿ ಹೇಳೋಣ. ಕೆಡವುವುದು, ಮಾರುವುದು ಮುಂತಾಗಿ ಮತ್ತೆ ಸರಿಪಡಿಸಲಾಗದ ಕಾರ್ಯಗಳನ್ನು ಒಂದೇ ಸಭೆಯಲ್ಲಿ ತೀರ್ಮಾನಿಸದಿರೋಣ. ಆದರೆ ಬಡವನಿಗೆ, ವಿಧವೆಗೆ, ಕೂಲಿಯವನಿಗೆ ಅನ್ಯಾಯವಾಗುತ್ತಿರುವ ವಿಷಯದಲ್ಲಿ ಒಮ್ಮತದ ನೆಪದಿಂದ ಕಾಲ ತಳ್ಳುವುದೂ ಬೇಡ. ಆ 88 ವರ್ಷಗಳ ಪಾಠವನ್ನು ಮರೆಯಲಾಗದು.

ಆ ಹಿರಿಯರು ಈಗಿಲ್ಲ. ಅವರು ಒರಗಿದ್ದ ಕಂಬವೂ ಇಲ್ಲ. ನಡಾವಳಿಯ ಪುಸ್ತಕದಲ್ಲಿ ನನ್ನ ಕೈಬರಹದ ‘ಸರ್ವಾನುಮತ’ ಮಾತ್ರ ಉಳಿದಿದೆ. ಪ್ರತಿಕ್ರಮಣದಲ್ಲಿ ಕುಳಿತಾಗಲೆಲ್ಲ ನಾನು ಮೊದಲು ಆಲೋಚನೆ ಮಾಡಿಕೊಳ್ಳುವುದು ಆ ಒಂದು ಶಬ್ದಕ್ಕಾಗಿ.